ಅಂಚಿನಲ್ಲಿದ್ದ ಹೆಸರುಗಳು

ಈ ಅಡುಗೆ ಪುಸ್ತಕದ ಮೊದಲ ಮುದ್ರಣದಲ್ಲಿ ಹೆಂಗಸರ ಹೆಸರುಗಳನ್ನು ಕಳೆದವನು ನಾನು. ಟೈಪು ಮಾಡಿದ ಜುಲೇಖಕ್ಕ ಅಲ್ಲ. ಕಳೆದದ್ದು ಗೊತ್ತಿಲ್ಲದೆ ಆದ ತಪ್ಪು. ಅದನ್ನು ಅವರ ತಲೆಗೆ ಕಟ್ಟಿದ್ದು ಗೊತ್ತಿದ್ದೇ ಮಾಡಿದ್ದು. ಇಷ್ಟು ಹೇಳುವುದಕ್ಕೆ ನನಗೆ ಆರು ವರ್ಷ ಬೇಕಾಯಿತು — ಹೇಳಿ ಮುಗಿಸಲು ಅರ್ಧ ನಿಮಿಷ ಸಾಕಿತ್ತು ಎಂಬುದು ಈಗ ಕಾಣುತ್ತಿದೆ.

ಎರಡನೇ ಮುದ್ರಣದ ಈ ಮೊದಲ ಪುಟಗಳನ್ನು ಸುಮಿತ್ರಾ ಅಕ್ಕೋರು ನನಗೆ ಬಿಟ್ಟುಕೊಟ್ಟಿದ್ದಾರೆ. ಅವರು ಉಮ್ಮಚಗಿಯ ನಿವೃತ್ತ ಶಿಕ್ಷಕಿ, ಈ ಅಡುಗೆಗಳನ್ನೆಲ್ಲ ಊರೂರು ತಿರುಗಿ ಕೂಡಿಸಿದವರು. ಮುನ್ನುಡಿ ಬರೆ ಎಂದು ಅವರು ಹೇಳಲಿಲ್ಲ. “ಆದ್ದು ಆದಾಂಗೆ ಬರಿ,” ಎಂದರು, ಅಷ್ಟೆ. ಕೆಸುವಿನ ಕರಕಲಿ ಮಾಡುವುದು ಹೇಗೆಂದು ನೋಡಲು ಪುಸ್ತಕ ತೆರೆದವರು ಈ ಪುಟಗಳನ್ನು ಹಾರಿಸಿ ಮುಂದೆ ಹೋಗಬಹುದು. ಆದರೆ ಹಳೆಯ ಮುದ್ರಣ ಮನೆಯಲ್ಲಿರುವವರು ದಯವಿಟ್ಟು ಓದಬೇಕು. ನಿಮಗೇ ಇದನ್ನು ಹೇಳಬೇಕಾಗಿರುವುದು.

ಶಿರಸಿಯಲ್ಲಿ ನನ್ನದೊಂದು ಕಂಪ್ಯೂಟರ್ ಅಂಗಡಿ ಇದೆ. ರಿಪೇರಿ ನನ್ನ ಕಸುಬು. ಪ್ರೋಗ್ರಾಂ ಬರೆಯುವುದು ಹುಚ್ಚು. ನಮ್ಮ ಕಡೆಯ ಪ್ರೆಸ್ಸುಗಳಲ್ಲಿ, ಸಂಘಗಳಲ್ಲಿ, ಮಠಗಳಲ್ಲಿ ವರ್ಷಾನುಗಟ್ಟಲೆ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿಟ್ಟ ಫೈಲುಗಳು ರಾಶಿ ಬಿದ್ದಿದ್ದವು. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಒಂದಕ್ಷರ ಕನ್ನಡ ಕಾಣಿಸುತ್ತಿರಲಿಲ್ಲ, ಬರೀ ಚಿತ್ರವಿಚಿತ್ರ ಗುರುತುಗಳು. ಅಂಥ ಫೈಲನ್ನು ಈಗಿನ ಕಂಪ್ಯೂಟರಿಗೂ ಫೋನಿಗೂ ಹೊಂದುವಂತೆ ಬದಲಾಯಿಸುವ ಒಂದು ಪ್ರೋಗ್ರಾಂ ಬರೆದೆ. ನೋಡನೋಡುತ್ತ ಅದು ಸಿದ್ದಾಪುರ, ಯಲ್ಲಾಪುರದ ಅಂಗಡಿಗಳಿಗೂ ಹೋಯಿತು. ಜನ ಹೊಗಳಿದರು. ಹೊಗಳಿಕೆ ನನಗೆ ಬೇಗ ತಲೆಗೇರುತ್ತದೆ, ಮೊದಲಿನಿಂದಲೂ.

ಆ ಪ್ರೋಗ್ರಾಮಿಗೆ ಒಂದು ಕೆಟ್ಟ ಚಾಳಿ ಇತ್ತು. ಪುಟದ ತುದಿಯಲ್ಲಿರುವ ಪುಟಸಂಖ್ಯೆಯನ್ನೂ ತಲೆಬರಹವನ್ನೂ ಎತ್ತಿ ತಂದು ವಾಕ್ಯದ ನಡುವೆ ತುರುಕುತ್ತಿತ್ತು. ಸಹಕಾರಿ ಸಂಘದ ವರದಿಯೊಂದರಲ್ಲಿ ಅಧ್ಯಕ್ಷರ ಹೆಸರಿನ ಮಧ್ಯೆ ಹದಿನೇಳು ಎಂಬ ಅಂಕಿ ಬಂದು ಕೂತಾಗ ನನಗೆ ಬೈಗುಳ ಬಂತು. ಒಂದು ಬೆಳಿಗ್ಗೆ ಕೂತು ಎರಡು ಸಾಲು ಸೇರಿಸಿದೆ: ಪುಟದ ಅಂಚಿನಲ್ಲಿ ಪುಟ್ಟ ಚೌಕವಿದ್ದು, ಅದರೊಳಗೆ ನಾಲ್ಕಾರು ಪದ ಮಾತ್ರ ಇದ್ದರೆ, ಅದನ್ನು ಬಿಟ್ಟುಬಿಡು. ಪುಟಸಂಖ್ಯೆಗಳೆಲ್ಲ ಮಾಯವಾದವು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಅಂಚಿನಲ್ಲಿ ಪುಟಸಂಖ್ಯೆಯಲ್ಲದೆ ಬೇರೇನಾದರೂ ಇರಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಅದೇ ತಿಂಗಳು ಈ ಪುಸ್ತಕದ ಫೈಲು ನನ್ನ ಅಂಗಡಿಗೆ ಬಂತು.

ಸುಮಿತ್ರಾ ಅಕ್ಕೋರದ್ದು ಒಂದು ಹಟ. ಯಾವ ಅಡುಗೆಯೂ ಹೇಳಿಕೊಟ್ಟವರ ಹೆಸರಿಲ್ಲದೆ ಅಚ್ಚಾಗಬಾರದು. ಉಂಡವರು ‘ಇದು ಯಾರ ಕೈ ಅಡುಗೆ’ ಎಂದು ಕೇಳದೆ ಏಳುವುದಿಲ್ಲವಲ್ಲ, ಪುಸ್ತಕದಲ್ಲೂ ಹಾಗೇ ಇರಲಿ ಎಂಬುದು ಅವರ ಲೆಕ್ಕ. ಆದರೆ ಹೆಸರು ಹಾಕಲು ಒಪ್ಪಿಸುವುದು ಅಷ್ಟು ಸುಲಭವಿರಲಿಲ್ಲ. ‘ತಂಬುಳಿ ಹೇಳಿಕೊಟ್ಟಿದ್ದಕ್ಕೆಲ್ಲ ಹೆಸರ್‍ಯಾಕೆ’ ಎಂದು ನಾಚಿದವರೇ ಹೆಚ್ಚು. ಎಲ್ಲರೂ ಒಪ್ಪುವ ಹೊತ್ತಿಗೆ ಕರಡು ಮೂರು ಸಲ ತಿದ್ದಿ ಮುಗಿದಿತ್ತು. ಹೆಸರು, ಊರುಗಳ ಪಟ್ಟಿ ಕಟ್ಟಕಡೆಗೆ ಪ್ರೆಸ್ಸಿಗೆ ಹೋಯಿತು.

ಆ ಪ್ರೆಸ್ಸಿನಲ್ಲಿ ಟೈಪು ಮಾಡುತ್ತಿದ್ದವರು ಜುಲೇಖಕ್ಕ. ಯಲ್ಲಾಪುರದವರು, ದಿನಾ ಬಸ್ಸಿನಲ್ಲಿ ಶಿರಸಿಗೆ ಬಂದು ಹೋಗುವವರು. ಹದಿನಾಲ್ಕು ವರ್ಷ ಅಲ್ಲೇ ಕೆಲಸ. ತಿದ್ದಿ ಮುಗಿದ ಅಡುಗೆಯ ಸಾಲುಗಳನ್ನು ಮುಟ್ಟಿದರೆ ಪುಟಗಳೆಲ್ಲ ಜರುಗಿಬಿಡುತ್ತವೆ ಎಂದು ಅವರು ಪ್ರತಿ ಅಡುಗೆಯ ಪಕ್ಕದಲ್ಲಿ, ಅಂಚಿನಲ್ಲಿ, ಪುಟ್ಟ ಚೌಕ ಮಾಡಿ ಅದರೊಳಗೆ ಹೆಸರನ್ನೂ ಊರನ್ನೂ ಕೂರಿಸಿದರು. ಅಚ್ಚುಕಟ್ಟಿನ ಕೆಲಸ. ನಾನಾಗಿದ್ದರೆ ಅಷ್ಟು ಯೋಚನೆ ಮಾಡುತ್ತಿರಲಿಲ್ಲ.

ಅಷ್ಟರಲ್ಲಿ ಆ ಪ್ರೆಸ್ಸಿನ ಹಳೆಯ ಕಂಪ್ಯೂಟರ್ ಕೆಟ್ಟು ಅಟ್ಟ ಸೇರಿತು, ಹೊಸ ಯಂತ್ರ ಬಂತು. ಕೆಡುವ ಮೊದಲು ಜುಲೇಖಕ್ಕ ಪ್ರತಿ ತೆಗೆದಿದ್ದರಿಂದ ಪುಸ್ತಕ ಉಳಿಯಿತು. ಇದ್ದ ಆ ಒಂದೇ ಪ್ರತಿ ಹೊಸ ಯಂತ್ರಕ್ಕೆ ಹೊಂದುವಂತೆ ಬದಲಾಯಿಸಲು ನನ್ನ ಹತ್ತಿರ ಬಂತು. ಬದಲಾಯಿಸಿಕೊಟ್ಟೆ. ಮೂರು ಸಲ ಕರಡು ನೋಡಿದ ಪುಸ್ತಕ, ಮತ್ತೆ ನೋಡುವುದೇನು ಎಂದು ಎಲ್ಲರೂ ಅಂದುಕೊಂಡೆವು. ಹೆಸರು ಹೋದ ಜಾಗದಲ್ಲಿ ಗುರುತು ಕೂಡ ಉಳಿದಿರಲಿಲ್ಲ. ಅಂಚು ಬಿಳಿಯಾಗಿತ್ತು, ಚೆಂದವಾಗಿಯೇ ಇತ್ತು.

ಬಿಡುಗಡೆ ಉಮ್ಮಚಗಿಯ ಸಭಾಭವನದಲ್ಲಿ. ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಶಾಲು ಹೆಗಲ ಮೇಲಿರುವಾಗಲೇ ನೋಡಿದೆ — ಹೆಂಗಸರು ಅಡುಗೆ ಓದುತ್ತಿರಲಿಲ್ಲ. ಪುಟ ಮಗುಚುತ್ತಿದ್ದರು, ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ. ಸಿದ್ದಾಪುರದ ಬದಿಯಿಂದ ಬಂದ ದೇವಮ್ಮ ಎಂಬ ಮುದುಕಿ ಮುಂದಿನ ಸಾಲಿನಲ್ಲೇ ಇದ್ದರು. ಕಳಲೆ ಪಲ್ಯ ಹೇಳಿಕೊಟ್ಟವರು. ಓದಲು ಬಾರದವರು, ತಮ್ಮ ಹೆಸರು ಬರೆದರೆ ಹೇಗೆ ಕಾಣುತ್ತದೆ ಎಂಬುದನ್ನಷ್ಟೇ ಮೊಮ್ಮಗಳಿಂದ ಕಲಿತು ಬಂದಿದ್ದರಂತೆ. ಪುಟದ ಮೇಲೆ ಬೆರಳಿಟ್ಟು ಪಕ್ಕದವರನ್ನು ಕೇಳಿದರು:

“ನನ್ ಹೆಸ್ರು ಯಾವ ಬದಿಗೈತೆ ತಂಗಿ?”

ಆ ಬಿಳಿ ಅಂಚು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಅನುಮಾನ ಎಂದು ಬರೆದರೆ ಮತ್ತೊಂದು ಸುಳ್ಳಾಗುತ್ತದೆ. ಆ ಎರಡು ಸಾಲು ಕಣ್ಣ ಮುಂದೆ ಬಂದವು.

ಪ್ರೆಸ್ಸಿನ ಯಜಮಾನರು ಅಕ್ಕೋರ ಎದುರೇ ನನ್ನನ್ನು ಕೇಳಿದರು: “ಹೆಗಡೇರೆ, ನಿಮ್ಮ ಸಾಫ್ಟ್‌ವೇರಿನಲ್ಲಿ ಹೆಸ್ರು ಬಿಟ್ಟುಹೋಗೂ ಸಾಧ್ಯತೆ ಇದ್ಯಾ?”

ನಾನು ಹೇಳಿದ್ದು ಇದು: “ಟೈಪೇ ಆಗದೇ ಇದ್ದದ್ದು ಸಾಫ್ಟ್‌ವೇರಿಗೆ ಎಲ್ಲಿಂದ ಬರಬೇಕು?”

ಹಿಂದಿನ ಸಾಲಿನಿಂದ ಯಾರೋ ಅಂದರು, “ನಮ್ಮ ಹೆಂಗಸ್ರ ಹೆಸ್ರು ಅಂದ್ರೆ ಅವಕ್ಕೆಂತಾ ಲೆಕ್ಕ?” ‘ಅವಕ್ಕೆ’ ಎಂದರೆ ನಮ್ಮ ಕಡೆ ‘ಅವರಿಗೆ’; ಆ ‘ಅವರು’ ಯಾರು ಎಂದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಜುಲೇಖಕ್ಕ ಬಾಗಿಲ ಹತ್ತಿರ ನಿಂತಿದ್ದರು, ಅವರಿಗೂ ಕೇಳಿಸಿತು. ಅಂಥ ಮಾತು ನಮ್ಮಲ್ಲಿ ಹುಟ್ಟುವುದೇ ಇಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದವನು ನಾನು — ಅವತ್ತು ಅದು ಹುಟ್ಟಿದ್ದು ನನ್ನ ಮಾತಿನಿಂದಲೇ. ಶಾಲು ಮಡಿಚಿ ಚೀಲಕ್ಕೆ ಹಾಕಿಕೊಂಡೆ.

ಜುಲೇಖಕ್ಕ ಜನರ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರವೇ ಬಂದರು. ಸಿಟ್ಟಿರಲಿಲ್ಲ. ನನ್ನನ್ನು ನಂಬಿಕೊಂಡು ಬಂದಿದ್ದರು, ಅದೇ ಇವತ್ತಿಗೂ...

“ಎಲ್ಲಾ ಹೆಸರೂ ನಾನೇ ಹೊಡದೀನ್ರಿ ಹೆಗಡೇರೆ. ನಾ ಕೊಟ್ಟ ಫೈಲು ನಿಮ್ಮ ಹತ್ರ ಐತಲ್ಲ, ತೆಗದು ಇವರಿಗೆ ತೋರಸ್ರಿ.”

“ಕೆಲಸ ಮುಗಿದ ಮೇಲೆ ನಾವು ಫೈಲು ಇಟ್ಕೊಳ್ಳೋದಿಲ್ಲ. ಅಳಿಸಿದ್ದೇನೆ,” ಎಂದೆ.

ಅಳಿಸಿರಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಆ ಫೈಲನ್ನೇ ತೆರೆದು ನೋಡಿದೆ. ಪ್ರತಿ ಪುಟದ ಅಂಚಿನಲ್ಲಿ ಪುಟ್ಟ ಚೌಕ, ಚೌಕದೊಳಗೆ ಹೆಸರು, ಕೆಳಗೆ ಊರು. ಒಂದೂ ತಪ್ಪಿರಲಿಲ್ಲ. ಹತ್ತು ನಿಮಿಷದಲ್ಲಿ ಪ್ರೋಗ್ರಾಂ ಸರಿ ಮಾಡಿದೆ: ಅಂಕಿ ಮಾತ್ರ ಇದ್ದರೆ, ಇಲ್ಲವೇ ಒಂದೇ ಮಾತು ಪುಟಪುಟದಲ್ಲೂ ಬಂದರೆ ಬಿಡು, ಉಳಿದದ್ದನ್ನು ಬಿಡಬೇಡ. ಹೊಸ ಆವೃತ್ತಿಯ ಜೊತೆ ಏನೇನು ಬದಲಾಗಿದೆ ಎಂದು ಬರೆಯುವ ಪದ್ಧತಿ ಇದೆ. ‘ಸಣ್ಣಪುಟ್ಟ ತಿದ್ದುಪಡಿಗಳು’ ಎಂದು ಬರೆದೆ. ಆಮೇಲೆ ಆ ಫೈಲನ್ನು ಅಳಿಸಿದೆ. ನಿನ್ನೆಯ ಸುಳ್ಳನ್ನು ಇವತ್ತು ನಿಜ ಮಾಡಿದ್ದೆ.

ಮುಂದಿನ ತಿಂಗಳಿನಿಂದ ಬರುವುದು ಬೇಡ ಎಂದು ಪ್ರೆಸ್ಸಿನವರು ಜುಲೇಖಕ್ಕನಿಗೆ ಹೇಳಿದ್ದು ನನಗೆ ಚಹಾದಂಗಡಿಯಲ್ಲಿ ತಿಳಿಯಿತು. ‘ಅಯ್ಯೋ ಪಾಪ’ ಎಂದೆ. ಹೌದು, ಅದನ್ನೂ ಅಂದೆ.

ಅವರು ಯಲ್ಲಾಪುರದಲ್ಲಿ, ಮನೆಯ ಜಗಲಿಯಲ್ಲೇ ಟೈಪಿಂಗ್ ಶುರುಮಾಡಿದರು. ಲಗ್ನಪತ್ರಿಕೆ, ಅರ್ಜಿ, ಕರಾರುಪತ್ರ. ಪ್ರೆಸ್ಸಿನ ಅಟ್ಟದಲ್ಲಿದ್ದ ಕೆಟ್ಟ ಕಂಪ್ಯೂಟರನ್ನೇ ಕೇಳಿ ಒಯ್ದರು, ಕೈಗೆ ಹೊಂದಿದ ಕೀಬೋರ್ಡ್ ಎಂದು. ಹಳೆಯ ಫೈಲು ಹಿಡಿದು ಬಂದವರಿಗೆ ಬದಲಾಯಿಸಿಕೊಡಲು ಅವರ ಹತ್ತಿರವೂ ನನ್ನ ಪ್ರೋಗ್ರಾಮೇ. ಬೇರೆ ಇರಲಿಲ್ಲ.

ಒಂದು ದಿನ ಯಲ್ಲಾಪುರದ ಬಸ್ಸಿನ ಡ್ರೈವರು ಅಂಗಡಿಗೆ ಬಂದು ಒಂದು ಲಕೋಟೆ ಕೊಟ್ಟರು. ಒಳಗೆ ಎರಡು ಮುದ್ರಿತ ಹಾಳೆ. ಕೋಷ್ಟಕದ ಒಂದು ಸಾಲು ಮುರಿದು ಮುಂದಿನ ಪುಟಕ್ಕೆ ಹೋದಲ್ಲಿ ಪೆನ್ನಿನಿಂದ ದುಂಡಗೆ ಗೆರೆ, ಪಕ್ಕದಲ್ಲಿ ಚೀಟಿ: ‘ಹೆಗಡೆಯವರಿಗೆ. ಹೀಗೆ ಬರುತ್ತಿದೆ. ನೋಡಿ ಸರಿ ಮಾಡಿರಿ. ಜುಲೇಖಾ.’ ಆ ಚೀಟಿಯನ್ನು ಎಷ್ಟು ಸಲ ಓದಿದೆನೋ. ಬೈಗುಳ ಇದ್ದಿದ್ದರೆ ಹಗುರವಾಗುತ್ತಿತ್ತು.

ಸರಿ ಮಾಡಿದೆ. ತಿಂಗಳು ಬಿಟ್ಟು ಮತ್ತೊಂದು ಲಕೋಟೆ ಬಂತು. ಅಡಿಟಿಪ್ಪಣಿಗಳು ಪುಸ್ತಕದ ಕೊನೆಗೆ ಹೋಗಿ ಗುಂಪುಗಟ್ಟಿ ಕೂರುತ್ತಿದ್ದವು. ಅದರ ಮೇಲೊಂದು — ಯಕ್ಷಗಾನ ಪ್ರಸಂಗದ ಪದ್ಯಗಳ ಸಾಲುಗಳೆಲ್ಲ ಕೂಡಿಕೊಂಡು ಗದ್ಯವಾಗಿದ್ದವು; ‘ಭಾಗವತರು ಇದನ್ನು ಹಾಡುವುದು ಹೇಗೆ?’ ಎಂದು ಚೀಟಿಯಲ್ಲಿ ಕೇಳಿದ್ದರು. ನಕ್ಕೆ, ನಕ್ಕು ನಾಚಿದೆ. ಒಂದು ಮದುವೆಯ ಕರೆಯೋಲೆಯಲ್ಲಿ ಕನ್ನಡ ಎಡದಿಂದ, ಉರ್ದು ಬಲದಿಂದ ಒಂದೇ ಪುಟದಲ್ಲಿ ಬರಬೇಕಿತ್ತು, ನನ್ನ ಪ್ರೋಗ್ರಾಂ ಉರ್ದು ಪದಗಳನ್ನು ಹಿಂದುಮುಂದು ಮಾಡುತ್ತಿತ್ತು. ಅದನ್ನು ಸರಿಪಡಿಸಲು ಎರಡು ತಿಂಗಳು ಹಿಡಿಯಿತು. ನನಗೆ ಉರ್ದು ಓದಲು ಬಾರದು. ಅವರೇ ಪ್ರತಿ ಪದದ ಮೇಲೆ ಒಂದು, ಎರಡು, ಮೂರು ಎಂದು ಅಂಕಿ ಬರೆದು ಕಳಿಸಿದರು, ನಾನು ಆ ಅಂಕಿಗಳ ಜಾಡು ಹಿಡಿದು ಕೆಲಸ ಮಾಡಿದೆ.

ಈಗ ಆ ಪ್ರೋಗ್ರಾಂ ಚೆನ್ನಾಗಿದೆ ಎಂದು ಜನ ಹೇಳುತ್ತಾರೆ. ಹೌದು, ಚೆನ್ನಾಗಿದೆ. ಅದಕ್ಕೆ ಕಾರಣ ಆ ಲಕೋಟೆಗಳು. ನಾನು ಬರೆದೆ, ಅವರು ನೋಡಿದರು. ನೋಡದೆ ಬರೆದದ್ದಕ್ಕೆ ಏನಾಗುತ್ತದೆ ಎಂಬುದು ನಿಮಗೆ ಈಗ ಗೊತ್ತು. ತಮ್ಮ ಕೆಲಸ ಕಳೆದವನ ಕೆಲಸವನ್ನು ಕೂತು ತಿದ್ದಿಕೊಟ್ಟವರು ಅವರು. ಇಷ್ಟು ದೊಡ್ಡ ಉಪಕಾರವನ್ನು ನನಗೆ ಬೇರೆ ಯಾರೂ ಮಾಡಿಲ್ಲ. ಇದನ್ನು ಅವರಿಗೆ ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ — ಇಲ್ಲಿ ಹೇಳುತ್ತಿದ್ದೇನೆ.

ಎರಡು ವರ್ಷದ ಹಿಂದೆ ಬಂದ ಲಕೋಟೆಯಲ್ಲಿ ಈ ಪುಸ್ತಕದ್ದೇ ಒಂದು ಪುಟ ಎರಡು ಸಲ ಮುದ್ರಣವಾಗಿತ್ತು. ಒಂದೆಲಗದ ತಂಬುಳಿ. ಒಂದರಲ್ಲಿ ಅಂಚು ಖಾಲಿ. ಇನ್ನೊಂದರಲ್ಲಿ ಅಂಚಿನಲ್ಲಿ ಹೆಸರು, ಊರು. ಆ ಕೆಟ್ಟ ಕಂಪ್ಯೂಟರನ್ನು ಹುಬ್ಬಳ್ಳಿಯಲ್ಲಿ ಯಾರಿಂದಲೋ ರಿಪೇರಿ ಮಾಡಿಸಿದ್ದರು, ಅದರೊಳಗೆ ಅವರ ಮೂಲ ಫೈಲು ಹಾಗೇ ಇತ್ತು. ನನ್ನ ಪ್ರೋಗ್ರಾಮಿನ ಆಗಿನ ಆವೃತ್ತಿಯಲ್ಲೂ ಈಗಿನ ಆವೃತ್ತಿಯಲ್ಲೂ ಅದನ್ನು ಹಾಯಿಸಿ ನೋಡಿದ್ದರು. ಚೀಟಿಯಲ್ಲಿ ಎಂದಿನ ಅಕ್ಷರ: ‘ಹಳೆಯದರಲ್ಲಿ ಹೋಗುತ್ತಿತ್ತು. ಹೊಸದರಲ್ಲಿ ಬರುತ್ತಿದೆ. ಈಗ ಸರಿಯಿದೆ. ಇನ್ನೊಂದು ಮಾತು, ಬದಲಾಯಿಸುವಾಗ ಏನಾದರೂ ಬಿಟ್ಟರೆ, ಏನು ಬಿಟ್ಟೆ ಎಂದು ಕೊನೆಗೆ ಪಟ್ಟಿ ಕೊಡುವ ಹಾಗೆ ಮಾಡಿರಿ. ನಾವು ನೋಡಿಕೊಳ್ಳುತ್ತೇವೆ.’

ಆ ಲಕೋಟೆಯನ್ನು ಮೇಜಿನ ಖಾನೆಗೆ ಹಾಕಿ ಬೀಗ ಹಾಕಿದೆ. ಉತ್ತರ ಕೊಡಲಿಲ್ಲ. ಅವರು ಕೇಳಿದ ಪಟ್ಟಿಯನ್ನೂ ಮಾಡಲಿಲ್ಲ. ಅರ್ಧ ದಿನದ ಕೆಲಸ, ಎರಡು ವರ್ಷ ಮಾಡಲಿಲ್ಲ. ಮುಂದಿನ ತಿಂಗಳು ಲಕೋಟೆ ಎಂದಿನಂತೆ ಬಂತು.

ಈ ವರ್ಷ ಸುಮಿತ್ರಾ ಅಕ್ಕೋರು ತಮ್ಮ ನೋಟುಪುಸ್ತಕಗಳ ಚೀಲ ಹೊತ್ತು ನನ್ನ ಅಂಗಡಿಗೆ ಬಂದರು. ಎರಡನೇ ಮುದ್ರಣ ಮಾಡುವ, ಹೆಸರು ಹಾಕಿಯೇ ಮಾಡುವ ಎಂದರು. ಎಲ್ಲ ಹೇಳಿ, ಏಳುವಾಗ ತಗ್ಗಿದ ದನಿಯಲ್ಲಿ ಸೇರಿಸಿದರು: “ಈ ಸಲ ಬೇರೆ ಯಾರ ಹತ್ರಾದ್ರೂ ಟೈಪ್ ಮಾಡ್ಸನ. ಆ ಜುಲೇಖನ ಹತ್ರ ಮಾತ್ರ ಬ್ಯಾಡ.”

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಅವರನ್ನು ಬಸ್ಸು ಹತ್ತಿಸಿ ಬಂದು ಕೂತೆ, ಕೂರಲಾಗಲಿಲ್ಲ. ಒಬ್ಬರ ಹೆಸರು ಆರು ವರ್ಷದ ಮೇಲೂ ಹೀಗೆ ದನಿ ತಗ್ಗಿಸಿ ಹೇಳುವಂತಾಗಿದೆ, ಮಾಡಿದವನು ನಾನು. ಮರುದಿನ ಬೆಳಿಗ್ಗೆ ಯಲ್ಲಾಪುರಕ್ಕೆ ಹೋದೆ.

ಜುಲೇಖಕ್ಕ ಜಗಲಿಯಲ್ಲಿ ಯಾರದೋ ಅರ್ಜಿ ಟೈಪು ಮಾಡುತ್ತಿದ್ದರು. ಕೂರಲು ಹೇಳಿದರು. ನಾನು ನಿಂತೇ ಶುರುಮಾಡಿದೆ. ಆ ಎರಡು ಸಾಲು, ಸಭಾಭವನ, ಅಳಿಸದ ಫೈಲು... ಅರ್ಧಕ್ಕೆ ಬಂದಿದ್ದೆ, ಅವರು ಕೈ ಎತ್ತಿ ತಡೆದರು.

“ನನಗ ಯಾಕ ಹೇಳ್ತೀರಿ ಹೆಗಡೇರೆ? ನನಗ ಗೊತ್ತೈತಿ. ಗೊತ್ತಿಲ್ಲದವರಿಗೆ ಹೋಗಿ ಹೇಳ್ರಿ.”

ಮತ್ತೆ ಅರ್ಜಿಗೆ ತಿರುಗಿದರು. ಚಹಾ ಕೊಡಲಿಲ್ಲ. ಯಾವತ್ತೂ ಯಾರನ್ನೂ ಚಹಾ ಇಲ್ಲದೆ ಕಳಿಸುವವರಲ್ಲ ಅವರು, ಅವತ್ತು ಕೊಡಲಿಲ್ಲ. ಅಷ್ಟಾದರೂ ನನಗೆ ಸಿಗಬೇಕಾದದ್ದು ಸಿಕ್ಕಿತು.

ಅಲ್ಲಿಂದ ನೇರ ಉಮ್ಮಚಗಿಗೆ. ಅಕ್ಕೋರು ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದರು. “ಅಕ್ಕೋರೆ, ಹೆಸ್ರು ಬಿಟ್ಟಿದ್ದು ಜುಲೇಖಕ್ಕ ಅಲ್ಲ, ಆನು. ಗೊತ್ತಿದ್ದೇ ಸುಳ್ಳು ಹೇಳಿದ್ದೆ,” ಎಂದೆ. ಅವರು ಕೈಯಲ್ಲಿದ್ದ ಹಪ್ಪಳವನ್ನು ಚಾಪೆಯ ಮೇಲೆ ಹಾಕುವುದೋ ಬೇಡವೋ ಎಂದು ತಿಳಿಯದವರಂತೆ ಹಿಡಿದೇ ಇದ್ದರು.

“ಆವತ್ತೇ ಹೇಳಲೆ ಎಂತಾ ಆಗಿತ್ತಾ ನಿಂಗೆ, ಶ್ರೀಪಾದಾ?” ಎಂದರು. ಆಮೇಲೆ, ತಮಗೇ ಹೇಳಿಕೊಳ್ಳುವಂತೆ: “ಅವಳು ಕೆಲ್ಸ ಹೋದ ತಿಂಗ್ಳಲ್ಲೇ ಒಂದಿನ ಇಲ್ಲಿಗೆ ಬಂದಿತ್ತು. ಎಲ್ಲಾ ಹೆಸ್ರನ್ನೂ ಚೀಟಿ ಮಾಡ್ಕಂಡು, ಪುಸ್ತಕಕ್ಕೆ ಅಂಟಿಸ್ಲಕ್ಕು ಅಂತ. ಆನು ಚೀಟಿ ತಗಳ್ದೇ ಇದೇ ಅಂಗಳದಿಂದ ವಾಪಸ್ ಕಳ್ಸಿದ್ದೆ.”

ಇದು ನನಗೆ ಗೊತ್ತಿರಲಿಲ್ಲ. ಪಟ್ಟಿಯಲ್ಲಿದ್ದ ಅಷ್ಟೂ ಹೆಸರುಗಳನ್ನು, ಪುಸ್ತಕದ ಪ್ರತಿ ಪ್ರತಿಗೂ ಸಾಲುವಷ್ಟು, ಕೆಲಸ ಕಳೆದುಕೊಂಡ ತಿಂಗಳಲ್ಲಿ ಅವರು ಕೂತು ಮಾಡಿದ್ದರು. ನಾನು ಅಂಗಳದಲ್ಲಿ ತಲೆ ತಗ್ಗಿಸಿ ಅತ್ತೆ. ಅಕ್ಕೋರು ಸಮಾಧಾನ ಮಾಡಲಿಲ್ಲ. ಒಳಗೆ ಹೋಗಿ ಸೀರೆ ಬದಲಿಸಿ, ನೋಟುಪುಸ್ತಕದ ಚೀಲ ಹಿಡಿದು ಬಂದರು. “ಗಾಡಿ ತೆಗಿ. ಹೋಪನ ನಡಿ ಯಲ್ಲಾಪುರಕ್ಕೆ.”

ಜುಲೇಖಕ್ಕನ ಬಾಗಿಲಲ್ಲಿ ಅಕ್ಕೋರು ಚಪ್ಪಲಿ ಬಿಟ್ಟು ನಿಂತರು. “ಜುಲೇಖಾ, ನಿನ್ನ ಒಂದು ಮಾತೂ ಕೇಳದೇ ಕಳ್ಸಿಬಿಟ್ಟೆ. ನನ್ನಿಂದ ತಪ್ಪಾತು.”

ಜುಲೇಖಕ್ಕ ಕಣ್ಣೊರೆಸಿಕೊಂಡರು. ಹೇಳಿದ್ದು ಇಷ್ಟೇ: “ಒಳಗ ಬರ್‍ರಿ ಅಕ್ಕೋರೆ. ಪಟ್ಟಿ ತಂದೀರೇನು?”

ಹೀಗೆ ಈ ಎರಡನೇ ಮುದ್ರಣ ಶುರುವಾಯಿತು. ಅಕ್ಕೋರು ನೋಟುಪುಸ್ತಕದಿಂದ ಹೆಸರು ಓದುತ್ತಿದ್ದರು, ಜುಲೇಖಕ್ಕ ಪರದೆಯ ಮೇಲೆ ಬೆರಳಿಟ್ಟು ‘ಐತ್ರಿ’ ಎನ್ನುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ, ನನಗೆ ಮಾಡಲು ಬೇರೆ ಕೆಲಸವಿರಲಿಲ್ಲ. ನಾಲ್ಕು ಹೆಸರುಗಳಿಗೆ ಬಂದಾಗ ಅಕ್ಕೋರು ಓದಿ, ಸ್ವಲ್ಪ ತಡೆದು, ಮುಂದೆ ಹೋದರು. ಆ ನಾಲ್ವರು ಈಗ ಇಲ್ಲ. ತಮ್ಮ ಹೆಸರು ಅಚ್ಚಾದದ್ದನ್ನು ಅವರು ನೋಡಲಿಲ್ಲ. ಪ್ರೋಗ್ರಾಮಿನಲ್ಲಿ ಏನು ತಪ್ಪಿದರೂ ಮುಂದಿನ ಆವೃತ್ತಿಯಲ್ಲಿ ಸರಿಪಡಿಸಬಹುದು ಎಂಬ ಧೈರ್ಯದಲ್ಲೇ ನಾನು ಇಷ್ಟು ವರ್ಷ ಬದುಕಿದವನು. ಇದನ್ನು ಸರಿಪಡಿಸಲು ಆಗುವುದಿಲ್ಲ.

ಜುಲೇಖಕ್ಕ ಕೇಳಿದ್ದ ಪಟ್ಟಿಯನ್ನು ಈಗ ಸೇರಿಸಿದ್ದೇನೆ. ನನ್ನ ಪ್ರೋಗ್ರಾಂ ಏನನ್ನು ಬಿಟ್ಟರೂ ಕೊನೆಯಲ್ಲಿ ಹೇಳುತ್ತದೆ, ಪುಟದ ಸಮೇತ. ಆ ಆವೃತ್ತಿಯ ಜೊತೆಗಿನ ಬರಹದಲ್ಲಿ ಈ ಸಲ ‘ಸಣ್ಣಪುಟ್ಟ ತಿದ್ದುಪಡಿಗಳು’ ಎಂದು ಬರೆದಿಲ್ಲ. ಯಾವ ತಪ್ಪು, ಯಾರದು, ಅದರಿಂದ ಯಾರಿಗೆ ಏನಾಯಿತು, ತಿದ್ದಲು ಕಲಿಸಿದವರು ಯಾರು, ಎಲ್ಲವನ್ನೂ ಹೆಸರು ಹಾಕಿ ಬರೆದಿದ್ದೇನೆ. ಪ್ರೆಸ್ಸಿನ ಯಜಮಾನರಿಗೂ ಹೋಗಿ ಹೇಳಿ ಬಂದೆ. ಸಭಾಭವನದಲ್ಲಿ ಮಾತಾಡಿದವರು ಯಾರೆಂದು ನನಗೆ ಗೊತ್ತಿಲ್ಲ. ಅವರ ಮನೆಗೂ ಈ ಪುಸ್ತಕ ಬರಲಿ.

ಈ ಕೊನೆಯ ಸಾಲುಗಳನ್ನು ಆಮೇಲೆ ಸೇರಿಸುತ್ತಿದ್ದೇನೆ. ಈ ಬರಹವನ್ನು ಟೈಪು ಮಾಡಿದವರೂ ಜುಲೇಖಕ್ಕನೇ. ಕೈಬರಹದ ಹಾಳೆಗಳನ್ನು ಬಸ್ಸಿನಲ್ಲಿ ಕಳಿಸಿದ್ದೆ. ನಿನ್ನೆ ಫೋನ್ ಮಾಡಿದರು.

“ಎಲ್ಲಾ ಹೊಡದು ಮುಗಿಸೀನ್ರಿ. ನಡುವ ಒಂದು ಪುಟದಷ್ಟು, ಆವಾಗ ಯಾಕ ಹಂಗ ಮಾಡಿದ್ರಿ ಅಂತ ಕಾರಣ ಬರದೀರಲ್ಲ, ಅದು ಇರ್ಲೋ, ತೆಗೀಲೋ?”

ಆ ಪುಟವನ್ನೇ ನಾನು ಎಲ್ಲಕ್ಕಿಂತ ಹೆಚ್ಚು ದಿನ ಕೂತು ಬರೆದಿದ್ದೆ.

“ತೆಗೆದುಬಿಡಿ ಜುಲೇಖಕ್ಕ,” ಎಂದೆ.